ದೇಶದ ಲೆಕ್ಕ ಜನರ ಕೈಗೆ

ವರ್ಷಕ್ಕೆ ಎರಡು ಬಾರಿ ಕೇಂದ್ರ ಸರ್ಕಾರದ ನೌಕರರ ವೇತನಪಟ್ಟಿಯಲ್ಲಿ ತುಟ್ಟಿಭತ್ಯೆಯ ದರ ಪರಿಷ್ಕಾರಗೊಳ್ಳುತ್ತದೆ. ರಾಜ್ಯಗಳೂ ಬಹುಮಟ್ಟಿಗೆ ಅದೇ ಹಾದಿಯಲ್ಲಿ ನಡೆಯುತ್ತವೆ. ಭತ್ಯೆ ಎಷ್ಟು ಏರಿತೆಂಬುದನ್ನು ಎಲ್ಲರೂ ಆಸಕ್ತಿಯಿಂದ ನೋಡುತ್ತಾರೆ. ಆ ಏರಿಕೆಯ ಹಿಂದೆ ಯಾವ ಲೆಕ್ಕವಿದೆಯೆಂದು ವಿಚಾರಿಸುವವರು ವಿರಳ. ಈ ಭತ್ಯೆಗೆ ಆಧಾರವಾಗಿರುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. 2016ನ್ನು ಆಧಾರ ವರ್ಷವಾಗಿ ಉಳ್ಳ ಈ ಸೂಚ್ಯಂಕಕ್ಕಾಗಿ ದೇಶದ 88 ಕೇಂದ್ರಗಳ 317 ಮಾರುಕಟ್ಟೆಗಳಿಂದ ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ ಮೊದಲಾದ ಸರಕುಗಳ ಧಾರಣೆಯನ್ನು ಕೇಂದ್ರದ ಕಾರ್ಮಿಕ ಬ್ಯೂರೋ ಸಂಗ್ರಹಿಸುತ್ತದೆ. ಗ್ರಾಮ ಮತ್ತು ನಗರಗಳೆರಡನ್ನೂ ಒಳಗೊಂಡ ಇನ್ನೊಂದು ಬೆಲೆ ಸೂಚ್ಯಂಕವನ್ನು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಸಿದ್ಧಪಡಿಸುತ್ತದೆ. ಹಣದುಬ್ಬರವನ್ನು ಶೇಕಡಾ 4ರ ಸುಮಾರಿನಲ್ಲಿ, ಎರಡಂಶ ಹೆಚ್ಚು ಅಥವಾ ಕಡಿಮೆಯ ಮಿತಿಯಲ್ಲಿ ಇರಿಸಬೇಕೆಂದು 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಗುರಿ ಗೊತ್ತುಪಡಿಸಿದಾಗ ಅಳತೆಗೋಲಾಗಿ ಆಯ್ದುಕೊಂಡದ್ದು ಈ ಎರಡನೆಯ ಸೂಚ್ಯಂಕವನ್ನೇ. ರೈತನ ಸಾಲದ ಬಡ್ಡಿ, ಗೃಹಸ್ಥನ ಠೇವಣಿಯ ಬಡ್ಡಿ, ವಿದ್ಯಾಸಂಸ್ಥೆಯ ದತ್ತಿನಿಧಿಯಿಂದ ಪ್ರತಿವರ್ಷ ವಿದ್ಯಾರ್ಥಿಗಳಿಗೆ ಸಲ್ಲುವ ಬಹುಮಾನದ ಮೊತ್ತ, ಇವೆಲ್ಲವನ್ನೂ ಆ ಒಂದು ಅಂಕಿ ದೂರದಿಂದಲೇ ಮುಟ್ಟುತ್ತದೆ.

ಹೀಗೆ ಜನಜೀವನವನ್ನು ಆಳುವ ಅಂಕಿಗಳು ಜನರಿಗೆ ಹೇಗೆ ದೊರೆಯುತ್ತವೆ? ದೊರೆತದ್ದು ಅರ್ಥವಾಗುತ್ತದೆಯೆ? ಅರ್ಥವಾದುದನ್ನು ನಂಬಬಹುದೆ? ಒಂದು ಅಂಕಿಯನ್ನು ಅಂತರಜಾಲದಲ್ಲಿ ಇಟ್ಟುಬಿಟ್ಟ ಮಾತ್ರಕ್ಕೆ ಅದು ಜನರಿಗೆ ತಲುಪಿದಂತಾಗುವುದಿಲ್ಲ. ಪ್ರಕಟಿಸುವುದು ಬೇರೆ, ತಲುಪಿಸುವುದು ಬೇರೆ. ಇವೆರಡರ ನಡುವಣ ಅಂತರವನ್ನು ಕಡಿಮೆ ಮಾಡುವ ಬಗೆಯೇ ಈ ಲೇಖನದ ವಿಷಯ.

ಎಣಿಕೆಯ ಪರಂಪರೆ

ರಾಜ್ಯದ ಲೆಕ್ಕವಿಡುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಐದು ಅಥವಾ ಹತ್ತು ಗ್ರಾಮಗಳ ಹೊಲ, ಮನೆ, ಜನ, ಜಾನುವಾರುಗಳ ಲೆಕ್ಕವನ್ನಿಡುವ ‘ಗೋಪ’ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಆದರೆ ಆ ಲೆಕ್ಕ ಇದ್ದುದು ಅರಸನ ಬೊಕ್ಕಸಕ್ಕಾಗಿ. ತನ್ನ ಹೊಲದ ವಿವರವನ್ನು ಬರೆಯಿಸಿದ ಒಕ್ಕಲಿಗನಿಗೆ ಇಡೀ ಸೀಮೆಯ ಲೆಕ್ಕವನ್ನು ನೋಡುವ ಹಕ್ಕು ಇರಲಿಲ್ಲ. ಪ್ರಜಾಪ್ರಭುತ್ವ ಈ ಕ್ರಮವನ್ನು ತಿರುವುಮುರುವು ಮಾಡಿತು. ಪ್ರಜೆಯಿಂದ ಪಡೆದ ಲೆಕ್ಕ ಪ್ರಜೆಗೇ ಮರಳಬೇಕೆಂಬುದು ಹೊಸ ಕಾಲದ ಧರ್ಮವಾಯಿತು.

ಸ್ವತಂತ್ರ ಭಾರತದ ಸಾಂಖ್ಯಿಕ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಅಗ್ರಗಣ್ಯರು ಪ್ರಶಾಂತಚಂದ್ರ ಮಹಲನೋಬಿಸರು. 1931ರಲ್ಲಿ ಅವರು ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದರು. ದೇಶದ ಪ್ರತಿಯೊಂದು ಮನೆಯನ್ನೂ ಪ್ರತಿವರ್ಷ ವಿಚಾರಿಸುವುದು ಅಸಾಧ್ಯ. ಆದರೆ ಸರಿಯಾದ ವಿಧಾನದಿಂದ ಆಯ್ದ ಕೆಲವು ಮನೆಗಳನ್ನು ವಿಚಾರಿಸಿದರೆ ಇಡೀ ದೇಶದ ಸ್ಥಿತಿಯನ್ನು ಅಂದಾಜು ಮಾಡಬಹುದು. ಬೆಂದ ಅನ್ನವನ್ನು ಒಂದು ಅಗುಳಿನಿಂದ ಪರೀಕ್ಷಿಸುವ ಗೃಹಿಣಿಗೆ ಈ ತತ್ತ್ವ ಗೊತ್ತು. ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕೆಂಬ ನಿಯಮವೂ ಗೊತ್ತು. ಈ ಮಾದರಿ ವಿಧಾನದ ಮೇಲೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. 1951ರಲ್ಲಿ ಕೇಂದ್ರ ಸಾಂಖ್ಯಿಕ ಸಂಘಟನೆ ರೂಪುಗೊಂಡಿತು. 2019ರಲ್ಲಿ ಈ ಎರಡು ಶಾಖೆಗಳನ್ನೂ ಕೂಡಿಸಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯೆಂದು ಹೆಸರಿಡಲಾಯಿತು. ಮಹಲನೋಬಿಸರ ಜನ್ಮದಿನವಾದ ಜೂನ್ 29 ಭಾರತದಲ್ಲಿ ಸಾಂಖ್ಯಿಕ ದಿನವಾಗಿ ಆಚರಣೆಯಲ್ಲಿದೆ.

ಈ ಪರಂಪರೆಯಲ್ಲಿ ಕರ್ನಾಟಕದ ನಂಟೂ ಕಡಿಮೆಯದಲ್ಲ. ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರಲ್ಲಿ ಜನಿಸಿದ್ದು ಹೂವಿನ ಹಡಗಲಿಯಲ್ಲಿ. ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯವಾಗಿ ಅಳೆದ ಮೊದಲಿಗರಲ್ಲಿ ಒಬ್ಬರಾದ ಡಾ. ವಿ. ಕೆ. ಆರ್. ವಿ. ರಾವ್, 1949ರಲ್ಲಿ ಮಹಲನೋಬಿಸರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ವರಮಾನ ಸಮಿತಿಯ ಸದಸ್ಯರಾಗಿದ್ದರು. ಮುಂದೆ 1972ರಲ್ಲಿ ಅವರೇ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಕೂಡಿ ಮೈಸೂರು ರಾಜ್ಯದಲ್ಲಿ ಪ್ರಸಿದ್ಧವಾದ ಜನಸಂಖ್ಯಾ ಅಧ್ಯಯನವೊಂದನ್ನು ನಡೆಸಿದವು. ಅದರ ಸಮಗ್ರ ವರದಿ ಅಚ್ಚಾಗಿ ಹೊರಬಂದದ್ದು 1961ರಲ್ಲಿ. ವಿಚಾರಿಸುವಾಗ ತೊಟ್ಟಿಲಲ್ಲಿದ್ದ ಕೂಸು, ವರದಿ ಬರುವ ವೇಳೆಗೆ ಮಾಧ್ಯಮಿಕ ಶಾಲೆಯ ಬಾಗಿಲಲ್ಲಿತ್ತು!

ಅಚ್ಚಿನಿಂದ ಅಂತರಜಾಲಕ್ಕೆ

ಬಹುಕಾಲ ಅಂಕಿ-ಅಂಶಗಳ ನೆಲೆ ಮುದ್ರಿತ ವರದಿಗಳಾಗಿದ್ದವು. ಸಮೀಕ್ಷೆಯ ಫಲಿತಾಂಶಗಳಿಗಾಗಿಯೇ 1977ರಲ್ಲಿ ‘ಸರ್ವೇಕ್ಷಣ’ ಎಂಬ ನಿಯತಕಾಲಿಕ ಪ್ರಾರಂಭವಾಯಿತು. ಆದರೆ ದಪ್ಪನೆಯ ಸಂಪುಟಗಳು ರಾಜಧಾನಿಗಳ ಕೆಲವು ಗ್ರಂಥಾಲಯಗಳಲ್ಲಿ ಮಾತ್ರ ದೊರೆಯುತ್ತಿದ್ದವು. ಗ್ರಾಮೀಣ ಪ್ರೌಢಶಾಲೆಯ ಉಪಾಧ್ಯಾಯನಿಗೆ ಅವುಗಳ ಹೆಸರೂ ತಿಳಿಯುತ್ತಿರಲಿಲ್ಲ. ಅಂತರಜಾಲ ಬಂದ ಮೇಲೆ ಈ ಗೋಡೆ ಬಿತ್ತು. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶಗಳನ್ನು ಹಂಚಿಕೊಳ್ಳುವ ರಾಷ್ಟ್ರೀಯ ನೀತಿಯೊಂದನ್ನು ಅಂಗೀಕರಿಸಿ, ಎಲ್ಲ ಇಲಾಖೆಗಳ ಮುಕ್ತ ದತ್ತಾಂಶಕ್ಕೆ ಒಂದು ಸಾಮಾನ್ಯ ಜಾಲತಾಣವನ್ನು ತೆರೆಯಿತು.

2024ರ ಜೂನ್ 29ರಂದು ಸಾಂಖ್ಯಿಕ ಸಚಿವಾಲಯವು ‘ಇ-ಸಾಂಖ್ಯಿಕಿ’ ಎಂಬ ತಾಣವನ್ನು ಲೋಕಾರ್ಪಣ ಮಾಡಿತು. ಇದರಲ್ಲಿ ಎರಡು ಭಾಗಗಳಿವೆ. ಒಂದು, ಸಚಿವಾಲಯದಲ್ಲಿರುವ ದತ್ತಾಂಶಗಳ ಸೂಚಿ. ಗ್ರಂಥಾಲಯದ ಸೂಚಿಪೆಟ್ಟಿಗೆಯಂತೆ ಯಾವುದು ಎಲ್ಲಿದೆಯೆಂದು ಇದು ತಿಳಿಸುತ್ತದೆ. ಇನ್ನೊಂದು, ಆರ್ಥಿಕ ಸೂಚಕಗಳನ್ನು ವರ್ಷಾನುಕ್ರಮದಲ್ಲಿ ಆಯ್ದು ನೋಡುವ ಭಾಗ. ಮೊದಲ ಹಂತದಲ್ಲಿ ರಾಷ್ಟ್ರೀಯ ಲೆಕ್ಕಪತ್ರಗಳು, ಗ್ರಾಹಕ ಬೆಲೆ ಸೂಚ್ಯಂಕ, ಕೈಗಾರಿಕಾ ಉತ್ಪಾದನೆಯ ಸೂಚ್ಯಂಕ, ವಾರ್ಷಿಕ ಕೈಗಾರಿಕಾ ಸಮೀಕ್ಷೆ ಎಂಬ ನಾಲ್ಕು ವಿಷಯಗಳ ಅಂಕಿಗಳನ್ನು ಅಲ್ಲಿ ಇಡಲಾಯಿತು. 2025ರ ಸಾಂಖ್ಯಿಕ ದಿನದಂದು ಕೈಫೋನಿನಲ್ಲಿಯೇ ಮುಖ್ಯ ಅಂಕಿಗಳನ್ನು ನೋಡಲು ಒಂದು ಅನ್ವಯವೂ ಬಂದಿತು. ಇವು ಸ್ವಾಗತಾರ್ಹ ಹೆಜ್ಜೆಗಳೆಂಬುದರಲ್ಲಿ ಸಂದೇಹವಿಲ್ಲ. ಕಣಜದ ಬಾಗಿಲು ತೆರೆದಿದೆ. ಆದರೆ ಒಳಗಿನ ಕಾಳು ಯಾವ ರೂಪದಲ್ಲಿದೆ, ಅಳೆದುಕೊಡುವ ಸೇರು ಯಾವುದು, ಬೇಳೆಯ ಚೀಲದ ಮೇಲೆ ಬೇಳೆಯೆಂದೇ ಬರೆದಿದೆಯೆ ಎಂಬ ಪ್ರಶ್ನೆಗಳು ಉಳಿಯುತ್ತವೆ.

ಅಂಕಿಯ ರೂಪ

ಮೊದಲನೆಯ ಪ್ರಶ್ನೆ ರೂಪದ್ದು. ಅಚ್ಚಿನ ಪುಟವನ್ನು ಹಾಗೆಯೇ ಚಿತ್ರಿಸಿಟ್ಟಂತಿರುವ ಪಿಡಿಎಫ್ ಕಡತ ಓದಲು ಅನುಕೂಲ. ಲೆಕ್ಕ ಮಾಡಲು ಪ್ರತಿಕೂಲ. ಮುನ್ನೂರು ಪುಟದ ವರದಿಯಿಂದ ಒಂದು ಕೋಷ್ಟಕವನ್ನು ಎತ್ತಿಕೊಳ್ಳಬೇಕಾದರೆ ಸಂಶೋಧಕನು ಅಂಕಿಗಳನ್ನು ಕೈಯಿಂದ ಮತ್ತೆ ಬರೆದುಕೊಳ್ಳಬೇಕಾಗುತ್ತದೆ. ಬರೆಯುವಾಗ 69 ಎಂಬುದು 96 ಆಗುವುದು ಮನುಷ್ಯಸಹಜ. ಸಾವಿರಾರು ಜನ ಸಾವಿರಾರು ಬಾರಿ ಹೀಗೆ ನಕಲು ಮಾಡುವ ಶ್ರಮ ವ್ಯರ್ಥ. ಒಬ್ಬೊಬ್ಬರ ನಕಲಿನಲ್ಲಿ ಒಂದೊಂದು ತಪ್ಪು ಉಳಿಯುವುದಂತೂ ಅಪಾಯ. ಪುಟದ ಛಾಯಾಚಿತ್ರವನ್ನಷ್ಟೇ ಇಟ್ಟಿದ್ದರೆ, ಅಕ್ಷರವನ್ನು ಧ್ವನಿಯಾಗಿ ಓದಿಹೇಳುವ ತಂತ್ರಾಂಶವನ್ನು ಅವಲಂಬಿಸಿದ ಅಂಧ ವಿದ್ಯಾರ್ಥಿಗೆ ಆ ಪುಟ ಖಾಲಿ ಹಾಳೆಗೆ ಸಮಾನ.

ಆದ್ದರಿಂದ ವರದಿಯೊಡನೆ ಅದರ ಪ್ರತಿಯೊಂದು ಕೋಷ್ಟಕವೂ ಗಣಕಯಂತ್ರ ನೇರವಾಗಿ ಓದಬಲ್ಲ ಸರಳ ಕಡತವಾಗಿ ಇರತಕ್ಕದ್ದು. ಇಲ್ಲಿಯೂ ಕೆಲವು ನಿಯಮಗಳುಂಟು. ಒಂದು ಸಾಲಿನಲ್ಲಿ ಒಂದು ಸಂಗತಿ, ಒಂದು ಅಂಕಣದಲ್ಲಿ ಒಂದು ಗುಣ, ಒಂದು ಮನೆಯಲ್ಲಿ ಒಂದೇ ಅಂಕಿ ಇರಬೇಕು. ಅಂಕಿಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆಯಿಟ್ಟು ಕೆಳಗೆ ಟಿಪ್ಪಣಿ ಬರೆದರೆ ಮನುಷ್ಯನ ಕಣ್ಣು ಅದನ್ನು ಅರಿಯುತ್ತದೆ. ಯಂತ್ರ ಆ ಅಂಕಿಯನ್ನು ಅಂಕಿಯೆಂದೇ ಒಪ್ಪುವುದಿಲ್ಲ. ಒಂದು ಮನೆ ಖಾಲಿಯಾಗಿದ್ದರೆ ಅದಕ್ಕೆ ನಾಲ್ಕು ಅರ್ಥಗಳು ಸಾಧ್ಯ: ಪರಿಮಾಣ ಸೊನ್ನೆ, ಪ್ರಶ್ನೆಯನ್ನು ಕೇಳಲಿಲ್ಲ, ಉತ್ತರ ದೊರೆಯಲಿಲ್ಲ, ದೊರೆತ ಉತ್ತರಗಳು ತೀರ ಕಡಿಮೆಯಾದುದರಿಂದ ಅಂದಾಜು ಮಾಡಲಿಲ್ಲ. ನಾಲ್ಕಕ್ಕೂ ಒಂದೇ ಅಡ್ಡಗೆರೆ ಎಳೆದರೆ ಓದುಗನು ಅದನ್ನು ಸೊನ್ನೆಯೆಂದು ಭ್ರಮಿಸುವುದು ಸಹಜ. ಮೊತ್ತಗಳು ಲಕ್ಷದಲ್ಲಿವೆಯೊ ಕೋಟಿಯಲ್ಲಿವೆಯೊ ಎಂಬುದನ್ನು ಪ್ರತಿ ಕೋಷ್ಟಕದಲ್ಲಿಯೂ ಹೇಳದಿದ್ದರೆ ನೂರುಪಟ್ಟು ತಪ್ಪು ಸಂಭವಿಸುತ್ತದೆ.

ಇದರ ಮುಂದಿನ ಮೆಟ್ಟಿಲು, ಗಣಕಯಂತ್ರಗಳು ತಮ್ಮತಮ್ಮಲ್ಲಿಯೇ ಕೇಳಿ ಕೊಡುವ ವ್ಯವಸ್ಥೆ. ಇದಕ್ಕೆ ಎಪಿಐ ಎಂದು ಹೆಸರು. ಬ್ಯಾಂಕಿನ ಮುಂಗಟ್ಟೆಯಲ್ಲಿ ಗೊತ್ತುಪಡಿಸಿದ ಚೀಟಿಯನ್ನು ತುಂಬಿಕೊಟ್ಟರೆ ಒಳಗಿನಿಂದ ಬೇಕಾದ ಮೊತ್ತ ಬರುವಂತೆ, ‘ಕರ್ನಾಟಕ, ಗ್ರಾಮೀಣ, ಆಹಾರ, ಇಂತಿಷ್ಟು ತಿಂಗಳು’ ಎಂದು ಗೊತ್ತಾದ ಕ್ರಮದಲ್ಲಿ ಕೇಳಿದರೆ ಅಷ್ಟೇ ಅಂಕಿಗಳು ಬರುತ್ತವೆ. ಇ-ಸಾಂಖ್ಯಿಕಿಯಲ್ಲಿ ಈ ಸೌಕರ್ಯವಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಜನ ಎಲ್ಲದಕ್ಕೂ ಪ್ರಶ್ನಿಸತೊಡಗಿರುವ ಈ ಕಾಲದಲ್ಲಿ ಇದರ ಮಹತ್ತ್ವ ಇಮ್ಮಡಿಸಿದೆ. ಮೂಲದ ಅಂಕಿ ಯಂತ್ರಕ್ಕೆ ಸುಲಭವಾಗಿ ಸಿಗದಿದ್ದರೆ ಅದು ಎಲ್ಲಿಯೋ ಯಾರೋ ನಕಲು ಮಾಡಿದ ಹಳೆಯ ಅಂಕಿಯನ್ನು ಹೊಸದೆಂದು ಹೇಳಿಬಿಡಬಹುದು.

ಹೆಸರು ಮತ್ತು ಸಂಕೇತ

ಎರಡನೆಯ ಪ್ರಶ್ನೆ ಹೆಸರಿನದು. ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ ಇದು ಅಭ್ಯಾಸಿಗಳನ್ನು ಬಹಳ ಕಾಡುವ ತೊಡಕು. ಹರಪನಹಳ್ಳಿ ತಾಲ್ಲೂಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ಊರು ಕದಲಲಿಲ್ಲ, ಕೋಷ್ಟಕದಲ್ಲಿ ಮಾತ್ರ ಮನೆ ಬದಲಿಸುತ್ತಲೇ ಇತ್ತು. ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಎರಡು ದಶಕಗಳಲ್ಲಿ ಎಷ್ಟು ಬದಲಾಯಿತೆಂದು ಅಳೆಯ ಹೊರಟವನು ಈ ಸಂಗತಿಯನ್ನು ಅರಿಯದಿದ್ದರೆ, ಜಿಲ್ಲೆಯ ಗಡಿ ಬದಲಾದುದನ್ನೇ ಜನರ ಸ್ಥಿತಿ ಬದಲಾದುದೆಂದು ತಿಳಿದಾನು.

ಇನ್ನು ಹೆಸರುಗಳು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ಇದು ನಾಡಿನ ಭಾಷಾಭಿಮಾನಕ್ಕೆ ಸಂದ ಗೌರವ. ಆದರೆ 2011ರ ಜನಗಣತಿಯ ಪಟ್ಟಿಯಲ್ಲಿರುವುದು ಹಳೆಯ ಹೆಸರು. ಇತ್ತೀಚಿನ ಪಟ್ಟಿಯಲ್ಲಿರುವುದು ಹೊಸದು. ಯಂತ್ರಕ್ಕೆ ಇವು ಎರಡು ಬೇರೆ ಊರುಗಳು. 2001ರ ಗಣತಿಯ ವೇಳೆಗೆ ರಾಜ್ಯದಲ್ಲಿ 27 ಜಿಲ್ಲೆಗಳಿದ್ದವು, 2011ರಲ್ಲಿ 30, 2021ರಿಂದ 31. ಜನಗಣತಿ ಗೃಹ ಸಚಿವಾಲಯದ ಅಧೀನದಲ್ಲಿದೆ. ಮಾದರಿ ಸಮೀಕ್ಷೆ ಸಾಂಖ್ಯಿಕ ಸಚಿವಾಲಯದ ಅಧೀನದಲ್ಲಿದೆ. ಶಾಲೆಗಳ ಅಂಕಿ ಶಿಕ್ಷಣ ಸಚಿವಾಲಯದಲ್ಲಿವೆ. ಪ್ರತಿಯೊಂದು ಇಲಾಖೆಯೂ ತನ್ನದೇ ಪಟ್ಟಿಯನ್ನು ಇಟ್ಟುಕೊಂಡರೆ ಒಂದರೊಡನೆ ಒಂದು ಕೂಡುವುದಿಲ್ಲ.

ಶಾಲೆಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರೂ ದಾಖಲಾತಿ ಸಂಖ್ಯೆಯಿಂದ ಅವರನ್ನು ಬೇರ್ಪಡಿಸುತ್ತಾರಷ್ಟೆ. ಅದೇ ರೀತಿ ಪ್ರತಿಯೊಂದು ಜಿಲ್ಲೆಗೂ ತಾಲ್ಲೂಕಿಗೂ ಗ್ರಾಮಕ್ಕೂ ಒಂದು ಸ್ಥಿರ ಸಂಕೇತ ಸಂಖ್ಯೆ ಇರಬೇಕು. ಸ್ಥಳೀಯ ಆಡಳಿತ ಘಟಕಗಳಿಗೆ ಇಂತಹ ಸಂಕೇತಗಳನ್ನು ಕೊಡುವ ಕೇಂದ್ರ ಕೋಶವೊಂದು ಈಗಾಗಲೇ ಇದೆ. ಎಲ್ಲ ಇಲಾಖೆಗಳ ಎಲ್ಲ ಕೋಷ್ಟಕಗಳಲ್ಲಿಯೂ ಅದೇ ಸಂಕೇತ ಬಳಕೆಗೆ ಬರಬೇಕು. ಯಾವ ದಿನಾಂಕದಂದು ಯಾವ ಭಾಗ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ವಂಶಾವಳಿಯೂ ಜೊತೆಗಿರಬೇಕು.

ಅಂಕಿಯ ಅರ್ಥ

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ದೊರೆತ ಅಂಕಿಯ ಅರ್ಥವೇನು?

ಕಾರ್ಮಿಕ ಬಲದ ನಿಯತಕಾಲಿಕ ಸಮೀಕ್ಷೆಯ ವಾರ್ಷಿಕ ವರದಿಯ ಪ್ರಕಾರ 2023ರ ಜುಲೈಯಿಂದ 2024ರ ಜೂನ್‌ವರೆಗಿನ ಅವಧಿಯಲ್ಲಿ, 15 ವರ್ಷ ಮೀರಿದವರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 3.2. ಅದೇ ಸಮೀಕ್ಷೆಯನ್ನು ಮಾಸಿಕವಾಗಿಸಿ 2025ರ ಮೇ 15ರಂದು ಹೊರತಂದ ಮೊದಲ ಪ್ರಕಟಣೆಯಲ್ಲಿ, ಏಪ್ರಿಲ್ ತಿಂಗಳ ನಿರುದ್ಯೋಗ ಶೇಕಡಾ 5.1. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟವನು, ಒಂದು ವರ್ಷದೊಳಗೆ ನಿರುದ್ಯೋಗ ಒಂದೂವರೆ ಪಟ್ಟಿಗೂ ಹೆಚ್ಚಾಯಿತೆಂದು ಕೂಗೆಬ್ಬಿಸಬಹುದು. ಆ ತೀರ್ಮಾನ ತಪ್ಪು. ಮೊದಲನೆಯದು ‘ಸಾಮಾನ್ಯ ಸ್ಥಿತಿ’ಯ ಅಳತೆ, ಹಿಂದಿನ ಇಡೀ ವರ್ಷದಲ್ಲಿ ವ್ಯಕ್ತಿ ಏನು ಮಾಡುತ್ತಿದ್ದನೆಂದು ಕೇಳುತ್ತದೆ. ಎರಡನೆಯದು ‘ಪ್ರಚಲಿತ ವಾರದ ಸ್ಥಿತಿ’ಯ ಅಳತೆ, ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದನೆ ಎಂದು ಕೇಳುತ್ತದೆ. ಸುಗ್ಗಿಯಲ್ಲಿ ದುಡಿದು ಬೇಸಗೆಯಲ್ಲಿ ಕೆಲಸ ಹುಡುಕುತ್ತ ಕುಳಿತ ಕೂಲಿಕಾರ ಮೊದಲ ಅಳತೆಯಲ್ಲಿ ಉದ್ಯೋಗಿ, ಎರಡನೆಯದರಲ್ಲಿ ನಿರುದ್ಯೋಗಿ. ಎರಡೂ ಅಳತೆಗಳು ಸತ್ಯವೇ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು ಮಾತ್ರ ಅಸತ್ಯ. ಈ ವ್ಯಾಖ್ಯೆ ವರದಿಯ ಅನುಬಂಧದಲ್ಲಿ ಎಲ್ಲಿಯೋ ಇದ್ದು, ಅಂಕಿ ಮಾತ್ರ ಜಾಲತಾಣದ ಮುಖಪುಟದಲ್ಲಿದ್ದರೆ ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ.

ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆ ಇನ್ನೊಂದು ನಿದರ್ಶನ. 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ದೇಶಾದ್ಯಂತ 2,61,746 ಕುಟುಂಬಗಳನ್ನು ವಿಚಾರಿಸಿದಾಗ, ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಗ್ರಾಮಗಳಲ್ಲಿ 3,773 ರೂಪಾಯಿ, ನಗರಗಳಲ್ಲಿ 6,459 ರೂಪಾಯಿಯೆಂದು ಕಂಡುಬಂದಿತು. 2011–12ರಲ್ಲಿ ಇವು ಕ್ರಮವಾಗಿ 1,430 ಮತ್ತು 2,630. ಆದರೆ ಹಳೆಯ ಸಮೀಕ್ಷೆಯಲ್ಲಿ ಒಂದೇ ಭೇಟಿಯಲ್ಲಿ ಕೇಳುತ್ತಿದ್ದುದನ್ನು ಹೊಸದರಲ್ಲಿ ಆಹಾರ, ನಿತ್ಯಬಳಕೆಯ ಸರಕು ಮತ್ತು ಸೇವೆ, ಬಾಳಿಕೆಯ ವಸ್ತು ಎಂದು ಮೂರು ಪ್ರಶ್ನಾವಳಿಗಳಾಗಿ ವಿಂಗಡಿಸಿ, ಬೇರೆಬೇರೆ ತಿಂಗಳುಗಳ ಮೂರು ಭೇಟಿಗಳಲ್ಲಿ ಕೇಳಲಾಯಿತು. ದೀರ್ಘ ಪ್ರಶ್ನಾವಳಿಯಿಂದ ಬೇಸತ್ತ ಗೃಹಿಣಿ ಮರೆಯುವ ಖರ್ಚನ್ನು, ಸಣ್ಣ ಸಣ್ಣ ಭೇಟಿಗಳಲ್ಲಿ ನೆನಪಿಸಿಕೊಂಡು ಹೇಳಬಲ್ಲಳು. ಹೀಗಿರುವಲ್ಲಿ ಏರಿಕೆಯಲ್ಲಿ ಎಷ್ಟು ಭಾಗ ಬೆಲೆಯದು, ಎಷ್ಟು ಭಾಗ ಜೀವನಮಟ್ಟದ್ದು, ಎಷ್ಟು ಭಾಗ ಕೇಳುವ ವಿಧಾನದ್ದು ಎಂಬ ವಿವೇಚನೆ ಅವಶ್ಯ. ಅಂಕಿಯ ಪಕ್ಕದಲ್ಲಿಯೇ ಈ ಎಚ್ಚರಿಕೆಯ ಮಾತು ಸರಳವಾಗಿ ಇರಬೇಕು.

ಮಾದರಿ ಸಮೀಕ್ಷೆಗೆ ತನ್ನದೇ ಆದ ಮಿತಿಯೂ ಇದೆ. ಎರಡೂವರೆ ಲಕ್ಷ ಕುಟುಂಬಗಳಿಂದ ರಾಷ್ಟ್ರದ ಹಾಗೂ ರಾಜ್ಯದ ಅಂದಾಜು ಮಾಡಬಹುದು; ಒಂದು ತಾಲ್ಲೂಕಿಗೆ ಬರುವಷ್ಟರಲ್ಲಿ ಕೈಯಲ್ಲಿ ಉಳಿಯುವ ಮನೆಗಳು ತೀರ ಕೆಲವು. ಆದ್ದರಿಂದ ಪ್ರತಿಯೊಂದು ಅಂದಾಜಿನೊಡನೆ ಅದರಲ್ಲಿ ಎಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆಯೆಂಬುದನ್ನೂ ತಿಳಿಸುವುದು ಪ್ರಾಮಾಣಿಕತೆಯ ಲಕ್ಷಣ. 2025ರ ಜನವರಿಯಿಂದ ಜಿಲ್ಲೆಯನ್ನೇ ಮಾದರಿಯ ಮೂಲ ಘಟಕವಾಗಿ ಇಟ್ಟುಕೊಂಡಿರುವುದರಿಂದ ಮುಂದೆ ಜಿಲ್ಲಾಮಟ್ಟದ ಅಂಕಿಗಳಿಗೆ ದಾರಿಯಾಗುತ್ತದೆ. ಆಗಂತೂ ಈ ಎಚ್ಚರ ಇನ್ನಷ್ಟು ಬೇಕು.

ಕಾಲನಿಷ್ಠೆ ಮತ್ತು ಸಮದೃಷ್ಟಿ

ಅಂಕಿ ಯಾವಾಗ ಹೊರಬರುತ್ತದೆ, ಯಾರಿಗೆ ಮೊದಲು ಸಿಗುತ್ತದೆ ಎಂಬುದು ನಂಬಿಕೆಯ ಪ್ರಶ್ನೆ. ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗವು 1994ರಲ್ಲಿ ಅಂಗೀಕರಿಸಿ, 2014ರಲ್ಲಿ ಮಹಾಸಭೆಯೂ ಅನುಮೋದಿಸಿದ ಹತ್ತು ಮೂಲತತ್ತ್ವಗಳಲ್ಲಿ ಮೊದಲನೆಯದೇ ಅಧಿಕೃತ ಅಂಕಿಗಳು ನಿಷ್ಪಕ್ಷಪಾತವಾಗಿ ಸಕಲ ಪ್ರಜೆಗಳಿಗೂ ದೊರೆಯಬೇಕೆಂದು ಹೇಳುತ್ತದೆ. ಬ್ರಿಟನ್ನಿನಲ್ಲಿ ಮಂತ್ರಿಗಳಿಗೆ ಕೆಲವು ಅಂಕಿಗಳನ್ನು ಪ್ರಕಟಣೆಗೆ ಮುನ್ನವೇ ತಿಳಿಸುವ ಪದ್ಧತಿಯಿತ್ತು. ಅಲ್ಲಿಯ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರ ಜುಲೈಯಿಂದ ಅದನ್ನು ನಿಲ್ಲಿಸಿತು. ಭಾರತದಲ್ಲಿ ರಾಷ್ಟ್ರೀಯ ಉತ್ಪನ್ನದ ಅಂಕಿಗಳನ್ನು ಪ್ರಕಟಿಸುವ ವೇಳೆಯನ್ನು 2024ರ ನವೆಂಬರಿನಿಂದ ಸಂಜೆ ಐದೂವರೆಯ ಬದಲು ನಾಲ್ಕು ಗಂಟೆಗೆ ತರಲಾಯಿತು. ಮುಖ್ಯ ಹಣಕಾಸು ಮಾರುಕಟ್ಟೆಗಳು ಮುಚ್ಚಿದೊಡನೆ ಪ್ರಕಟಿಸಿದರೆ ಯಾರಿಗೂ ಅನುಚಿತ ಲಾಭವಿಲ್ಲ. ಅಭ್ಯಾಸಿಗಳಿಗೆ ಅದೇ ದಿನ ಪರಿಶೀಲಿಸಲು ವೇಳೆಯೂ ಸಿಗುತ್ತದೆ. ಮುಂಗಡವಾಗಿ ಸಾರಿದ ದಿನದಂದೇ ಅಂಕಿಯನ್ನು ಹೊರಡಿಸುವ ಪದ್ಧತಿಯೂ ಇದೇ ಕಾರಣದಿಂದ ಶ್ರೇಷ್ಠ. ಫಲಿತಾಂಶ ಹಿತವಾಗಿದ್ದರೆ ಬೇಗ, ಅಹಿತವಾಗಿದ್ದರೆ ತಡ ಎಂಬ ಸಂಶಯಕ್ಕೆ ಅಲ್ಲಿ ಎಡೆಯಿರುವುದಿಲ್ಲ.

ಈ ನಿಯಮ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ದೃಷ್ಟಾಂತಗಳುಂಟು. ಕಾರ್ಮಿಕ ಬಲದ 2017–18ರ ಸಮೀಕ್ಷಾ ವರದಿಯ ಬಿಡುಗಡೆ ವಿಳಂಬವಾದ ಸಂದರ್ಭದಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು 2019ರ ಜನವರಿಯಲ್ಲಿ ರಾಜೀನಾಮೆಯಿತ್ತರು. ವರದಿ ಹೊರಬಂದದ್ದು ಮೇ 31ರಂದು. ಅದೇ ವರ್ಷ ನವೆಂಬರಿನಲ್ಲಿ, 2017–18ರ ಬಳಕೆ ವೆಚ್ಚದ ಸಮೀಕ್ಷೆಯ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ಕಾರಣ ನೀಡಿ ಬಿಡುಗಡೆ ಮಾಡುವುದಿಲ್ಲವೆಂದು ಸಚಿವಾಲಯ ಪ್ರಕಟಿಸಿತು. ಇದರ ಪರಿಣಾಮ ದೂರಗಾಮಿಯಾದುದು. ಬೆಲೆ ಸೂಚ್ಯಂಕದಲ್ಲಿ ಯಾವ ಸರಕಿಗೆ ಎಷ್ಟು ತೂಕವೆಂಬುದು ನಿರ್ಧಾರವಾಗುವುದು ಈ ಬಳಕೆ ಸಮೀಕ್ಷೆಯಿಂದಲೇ. ಒಂದು ಕುಟುಂಬ ನೂರು ರೂಪಾಯಿಯಲ್ಲಿ ನಲವತ್ತನ್ನು ಧಾನ್ಯಕ್ಕೆ ವ್ಯಯಿಸುತ್ತಿದ್ದರೆ, ಧಾನ್ಯದ ಬೆಲೆ ಶೇಕಡಾ 10ರಷ್ಟು ಏರಿದಾಗ ಅದರ ಒಟ್ಟು ವೆಚ್ಚ ಶೇಕಡಾ 4ರಷ್ಟು ಏರುತ್ತದೆ; ಮೂವತ್ತನ್ನು ವ್ಯಯಿಸುತ್ತಿದ್ದರೆ ಶೇಕಡಾ 3 ಮಾತ್ರ. 2012ನ್ನು ಆಧಾರವಾಗಿ ಉಳ್ಳ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ನೂರಕ್ಕೆ 45.86. ಜನರ ಊಟ ಉಡುಗೆಗಳ ರೀತಿ ಬದಲಾದರೂ ಹೊಸ ಸಮೀಕ್ಷೆಯಿಲ್ಲದ ಕಾರಣ ಹಳೆಯ ತೂಕಗಳೇ ದಶಕಕ್ಕೂ ಮೀರಿ ಮುಂದುವರಿದವು. ಒಂದು ಅಂಕಿಯನ್ನು ತಡೆದರೆ ಅದರ ಮೇಲೆ ನಿಂತ ಹತ್ತು ಅಂಕಿಗಳು ಸೊರಗುತ್ತವೆ. ಸಮೀಕ್ಷೆಯಲ್ಲಿ ದೋಷವಿದ್ದಲ್ಲಿ ದೋಷವನ್ನು ವಿವರಿಸಿ ಪ್ರಕಟಿಸುವುದು ವಿದ್ವಲ್ಲೋಕಕ್ಕೆ ಹೆಚ್ಚು ಉಪಕಾರಿ.

ಪರಿಷ್ಕರಣೆಯ ವಿಷಯದಲ್ಲಿಯೂ ಇದೇ ಮಾತು. ಮೊದಲ ಅಂದಾಜು ಅಪೂರ್ಣ ಮಾಹಿತಿಯಿಂದ ಹೊರಡುತ್ತದೆ. ಪೂರ್ಣ ಮಾಹಿತಿ ಬಂದಂತೆ ತಿದ್ದುಪಡಿಯಾಗುತ್ತದೆ. ತಿದ್ದುವುದು ಅವಮಾನವಲ್ಲ; ತಿಳಿಸದೆ ತಿದ್ದುವುದು ಅವಮಾನ. ಹಳೆಯ ಅಂಕಿಯನ್ನು ಅಳಿಸದೆ ಉಳಿಸಿ, ಯಾವ ದಿನ ಏಕೆ ಬದಲಾಯಿತೆಂದು ಬರೆದಿಡುವುದೂ, ಜಾಲತಾಣವನ್ನು ನವೀಕರಿಸಿದಾಗ ಹಳೆಯ ವಿಳಾಸಗಳು ಕೆಡದಂತೆ ನೋಡಿಕೊಳ್ಳುವುದೂ ಕಚೇರಿಯ ಕರ್ತವ್ಯ.

ಮನೆಯ ಗುಟ್ಟು

ಅಂಕಿಗಳನ್ನು ಧಾರಾಳವಾಗಿ ಕೊಡಬೇಕೆಂಬ ಮಾತಿಗೆ ಒಂದು ಎಲ್ಲೆಯುಂಟು. ಮಾದರಿ ಸಮೀಕ್ಷೆಯ ಮನೆಮನೆಯ ದತ್ತಾಂಶವನ್ನು ಸಂಶೋಧಕರಿಗೆ ಕೊಡುವಾಗ ಹೆಸರು, ವಿಳಾಸ ಮೊದಲಾದ ಗುರುತುಗಳನ್ನು ತೆಗೆದುಹಾಕಲಾಗುತ್ತದೆ. ಇಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಒಂದು ಸಣ್ಣ ಗ್ರಾಮದಲ್ಲಿ ಒಬ್ಬರೇ ವೈದ್ಯರಿದ್ದರೆ, ‘ಈ ಗ್ರಾಮ, ವೃತ್ತಿ ವೈದ್ಯ’ ಎಂಬ ಎರಡು ಸಂಗತಿಗಳೇ ಅವರ ಮನೆಯ ಆದಾಯ ವೆಚ್ಚಗಳನ್ನೆಲ್ಲ ಊರಿಗೆ ಸಾರಿಬಿಡುತ್ತವೆ. ಆದಕಾರಣ ಎಷ್ಟು ಸೂಕ್ಷ್ಮವಾಗಿ ಕೊಡಬೇಕು, ಎಷ್ಟನ್ನು ಮುಚ್ಚಬೇಕು ಎಂಬುದೇ ಒಂದು ಶಾಸ್ತ್ರ. ಸಂಗ್ರಹಿಸಿದ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸಬಾರದೆಂದು 2008ರ ಅಂಕಿ-ಅಂಶ ಸಂಗ್ರಹಣ ಕಾಯಿದೆ ವಿಧಿಸುತ್ತದೆ. ಕಾಯಿದೆಗಿಂತ ದೊಡ್ಡದು ವಿಶ್ವಾಸ. ಬಾಗಿಲಿಗೆ ಬಂದ ಅನ್ವೇಷಕನನ್ನು ಕೂರಿಸಿ, ನೀರು ಕೊಟ್ಟು, ಎಣ್ಣೆ ಎಷ್ಟು, ಔಷಧಿ ಎಷ್ಟು, ಮದುವೆಯ ಸಾಲ ಎಷ್ಟು ಎಂದು ತೆರೆದು ಹೇಳುವ ಗೃಹಿಣಿ ಒಮ್ಮೆ ಸಂಶಯಪಟ್ಟು ಬಾಗಿಲು ಮುಚ್ಚಿದರೆ, ಮೇಲಿನ ಯಾವ ತಂತ್ರವೂ ದೇಶದ ಲೆಕ್ಕವನ್ನು ಉಳಿಸಲಾರದು.

ಭಾಷೆ ಮತ್ತು ಶಾಲೆ

ಆ ಗೃಹಿಣಿಯನ್ನು ಅನ್ವೇಷಕ ಪ್ರಶ್ನಿಸಿದ್ದು ಕನ್ನಡದಲ್ಲಿ. ಅವಳು ಉತ್ತರಿಸಿದ್ದೂ ಕನ್ನಡದಲ್ಲಿ. ಆ ಉತ್ತರಗಳೆಲ್ಲ ಕೂಡಿ ಕೋಷ್ಟಕವಾಗಿ ಬರುವುದು ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿ, ಸ್ವಲ್ಪಮಟ್ಟಿಗೆ ಹಿಂದಿಯಲ್ಲಿ. ಅಂಕಿಗೆ ಭಾಷೆಯಿಲ್ಲವೆಂಬುದು ನಿಜ. ಅಂಕಿಯ ತಲೆಬರಹಕ್ಕೆ, ವ್ಯಾಖ್ಯೆಗೆ, ಎಚ್ಚರಿಕೆಯ ಟಿಪ್ಪಣಿಗೆ ಭಾಷೆಯಿದೆ. ಕೋಷ್ಟಕಗಳ ತಲೆಬರಹಗಳೂ ಪಾರಿಭಾಷಿಕ ಪದಗಳೂ ಎಣಿಸಿದರೆ ಕೆಲವೇ ಸಾವಿರ. ಒಮ್ಮೆ ಸರಿಯಾಗಿ ಕನ್ನಡಿಸಿಟ್ಟರೆ ಪ್ರತಿ ತಿಂಗಳ ಹೊಸ ಅಂಕಿಗೂ ಅವೇ ಒದಗುತ್ತವೆ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ತನ್ನ ಪಾಲಿನ ಮಾದರಿಯನ್ನು ತಾನೂ ನಡೆಸುವುದರಿಂದ, ವಿಶ್ವವಿದ್ಯಾಲಯಗಳೊಡನೆ ಕೂಡಿ ಈ ಕಾರ್ಯವನ್ನು ಕೈಗೊಳ್ಳುವುದು ಅದಕ್ಕೆ ಅಸಾಧ್ಯವಲ್ಲ.

ಇಲ್ಲಿ ಶಾಲೆಗಳ ಪಾತ್ರವೂ ದೊಡ್ಡದು. ಗಣಿತದ ಪುಸ್ತಕದಲ್ಲಿ ಸರಾಸರಿ, ಶೇಕಡಾವಾರು, ಸ್ತಂಭಚಿತ್ರಗಳ ಪಾಠವಿದೆ. ಅವುಗಳಿಗೆ ಕಲ್ಪಿತ ಅಂಕಿಗಳನ್ನು ಕೊಡುವ ಬದಲು ಜಿಲ್ಲೆಯ, ರಾಜ್ಯದ ನಿಜವಾದ ಅಂಕಿಗಳನ್ನು ಉಪಾಧ್ಯಾಯರು ಜಾಲತಾಣದಿಂದ ತೆಗೆದು ಕೊಡಬಹುದು. ಊರ ಸಂತೆಯಲ್ಲಿ ಜೋಳ, ತೊಗರಿಬೇಳೆ, ಈರುಳ್ಳಿ, ಬೆಲ್ಲಗಳ ಧಾರಣೆಯನ್ನು ವಾರವಾರವೂ ಬರೆದಿಟ್ಟು, ಮನೆಯ ವೆಚ್ಚದಲ್ಲಿ ಅವುಗಳ ಪಾಲನ್ನು ತೂಕವಾಗಿ ಇಟ್ಟುಕೊಂಡು, ಎಂಟನೆಯ ತರಗತಿಯ ಮಕ್ಕಳೇ ತಮ್ಮೂರಿನ ಬೆಲೆ ಸೂಚ್ಯಂಕವನ್ನು ಕಟ್ಟಬಲ್ಲರು. ಅದನ್ನು ರಾಜ್ಯದ ಸೂಚ್ಯಂಕದೊಡನೆ ಹೋಲಿಸಿ ನೋಡಿದ ಹುಡುಗ, ಮುಂದೆ ಪತ್ರಿಕೆಯಲ್ಲಿ ಹಣದುಬ್ಬರದ ಸುದ್ದಿಯನ್ನು ಕುರುಡಾಗಿ ನಂಬುವುದೂ ಇಲ್ಲ, ಕುರುಡಾಗಿ ತಳ್ಳಿಹಾಕುವುದೂ ಇಲ್ಲ. ಜನಗಣತಿಯ ಮನೆಬಾಗಿಲ ಕೆಲಸವನ್ನು ಹೊತ್ತು ಬಂದವರಲ್ಲಿ ಬಹುಪಾಲು ಶಾಲಾ ಶಿಕ್ಷಕರೇ. 2027ರ ಮಾರ್ಚ್ 1ರ ಮೊದಲ ಕ್ಷಣವನ್ನು ಉಲ್ಲೇಖವಾಗಿ ಇಟ್ಟುಕೊಂಡ ಜನಗಣತಿಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಎಣಿಸುವ ಕೈಗಳಿಗೆ ತಾವು ಎಣಿಸಿದ್ದನ್ನು ಓದುವ ಅವಕಾಶವೂ ಸುಲಭವಾಗಬೇಕಾದುದು ನ್ಯಾಯ.

ಉಪಸಂಹಾರ

ಒಟ್ಟಿನಲ್ಲಿ ಒಂದು ಸಾಂಖ್ಯಿಕ ಕಚೇರಿಯ ಜಾಲತಾಣದ ಯೋಗ್ಯತೆಯನ್ನು ಅದರ ಬಣ್ಣ, ಚಿತ್ರ, ಪುಟಗಳ ಸಂಖ್ಯೆಯಿಂದ ಅಳೆಯುವುದಲ್ಲ. ಬೇಕಾದ ಅಂಕಿ ಸಿಗುತ್ತದೆಯೆ? ಸಿಕ್ಕದ್ದು ಲೆಕ್ಕಕ್ಕೆ ಒದಗುತ್ತದೆಯೆ? ಒಂದು ಪಟ್ಟಿ ಇನ್ನೊಂದರೊಡನೆ ಕೂಡುತ್ತದೆಯೆ? ಅರ್ಥ ಪಕ್ಕದಲ್ಲಿಯೇ ಇದೆಯೆ? ಹೇಳಿದ ದಿನಕ್ಕೆ ಎಲ್ಲರಿಗೂ ಏಕಕಾಲದಲ್ಲಿ ದೊರೆಯುತ್ತದೆಯೆ? ಕೊಟ್ಟವರ ಗುಟ್ಟು ಉಳಿದಿದೆಯೆ? ಅವರ ಭಾಷೆಯಲ್ಲಿ ಮರಳಿದೆಯೆ? ಈ ಏಳು ಪ್ರಶ್ನೆಗಳೇ ಅದರ ಪರೀಕ್ಷೆ. ಇವುಗಳಲ್ಲಿ ಕೆಲವಕ್ಕೆ ಭಾರತದ ಕಚೇರಿ ಈಚಿನ ವರ್ಷಗಳಲ್ಲಿ ಒಳ್ಳೆಯ ಉತ್ತರ ಕೊಟ್ಟಿದೆ. ಮೈಸೂರಿನ ಅಧ್ಯಯನದ ವರದಿಗೆ ಒಂಬತ್ತು ವರ್ಷ ಹಿಡಿದ ದೇಶದಲ್ಲಿ, ಏಪ್ರಿಲ್ ತಿಂಗಳ ಉದ್ಯೋಗದ ಅಂಕಿ ಮೇ ಹದಿನೈದಕ್ಕೆ ಕೈಸೇರಿದ್ದು ಸಾಧನೆಯೇ ಸರಿ. ಉಳಿದ ಪ್ರಶ್ನೆಗಳಿಗೆ ಉತ್ತರ ಬರಬೇಕಾದರೆ ಕೇಳುವವರೂ ಇರಬೇಕು. ಅಂಕಿಯನ್ನು ಓದಬಲ್ಲ, ಪ್ರಶ್ನಿಸಬಲ್ಲ ಪ್ರಜೆಗಳನ್ನು ತಯಾರಿಸುವ ಸ್ಥಳ ಕಚೇರಿಯಲ್ಲ, ಶಾಲೆ. ಸಂತೆಯ ಧಾರಣೆಯನ್ನು ಬರೆದುಕೊಂಡು ಬಂದ ವಿದ್ಯಾರ್ಥಿಯ ಪುಟ್ಟ ಪುಸ್ತಕದಿಂದಲೇ ಆ ಕೆಲಸ ಆರಂಭವಾಗಬಹುದು.